ಮೇಲೇಳದ ಕೈ, ನವನಗರದ ಫಿಸಿಯೋಥೆರಪಿ ಕ್ಲಿನಿಕ್

ಬಾಗಲಕೋಟೆ ನವನಗರದಲ್ಲಿ ನಾನು ಖಡಕ್ ರೊಟ್ಟಿ ಮಾಡಿ ಮಾರುತ್ತೇನೆ. ದಿನಕ್ಕೆ 200 ರೊಟ್ಟಿ ಬಡಿಯುತ್ತಿದ್ದ ಬಲಗೈ ದೀಪಾವಳಿ ಹೊತ್ತಿಗೆ ಭುಜದ ಮಟ್ಟಕ್ಕಿಂತ ಮೇಲೇಳದಾಯಿತು. ತಲೆ ಬಾಚಲು ಮಗಳೇ ಬರಬೇಕು. ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ಜೀವ ಹೋದ ಹಾಗೆ. ಮೊದಲು ಎಣ್ಣೆ ಹಚ್ಚಿ ನೀವುವ ಒಬ್ಬರ ಹತ್ತಿರ ಹೋದೆ. ಅವರು ಕೈಯನ್ನು ಒಮ್ಮೆಲೇ ಮೇಲಕ್ಕೆ ಎಳೆದುಬಿಟ್ಟರು. ಮೂರು ರಾತ್ರಿ ಕಣ್ಣು ಮುಚ್ಚಲಿಲ್ಲ. ಕೊನೆಗೆ ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ, ಇದು ಫ್ರೋಜನ್ ಶೋಲ್ಡರ್, ಅಂದರೆ ಭುಜದ ಕೀಲು ಬಿಗಿದುಕೊಂಡಿದೆ ಎಂದು ಹೇಳಿ ನಮ್ಮ ಸೆಕ್ಟರಿನ ಈ ಕ್ಲಿನಿಕ್‌ಗೆ ಕಳಿಸಿದರು.

ಇಲ್ಲಿಯ ಡಾಕ್ಟರಮ್ಮ ಮೊದಲ ದಿನ ಕೈ ಮುಟ್ಟುವ ಮುಂಚೆ ಅಳತೆ ತೆಗೆದರು. ಪ್ಲಾಸ್ಟಿಕ್ ಕೋನಮಾಪಕ ಹಿಡಿದು, ಮುಂದಕ್ಕೆ ಎತ್ತಿದರೆ 95 ಡಿಗ್ರಿ ಎಂದು ಬರೆದುಕೊಂಡರು. ಸರಿಯಿದ್ದ ಕೈ 180ರ ಹತ್ತಿರ ಹೋಗಬೇಕಂತೆ. ನನಗೆ ಶುಗರ್ ಇದೆ. ಶುಗರ್ ಇದ್ದವರಿಗೆ ಈ ತೊಂದರೆ ಜಾಸ್ತಿ ಬರುತ್ತದೆ, ಅದನ್ನೂ ಹತೋಟಿಯಲ್ಲಿಡಿ ಎಂದರು.

ನನಗೆ ತಿಳಿಯುವ ಹಾಗೆ ಒಂದು ಮಾತು ಹೇಳಿದರು. “ಅಕ್ಕಾರ, ಕುಪ್ಪಸದ ಕಂಕುಳಾಗ ಸಡಿಲ ಬಿಟ್ಟು ಹೊಲೀತಾರಲ್ಲ, ಕೈ ಎತ್ತಾಕ? ಭುಜದ ಕೀಲಿನ ಸುತ್ತ ಇರೋ ಚೀಲಕ್ಕೂ ಕೆಳಗ ಹಂಗ ಸಡಿಲ ಇರತೈತಿ. ಈಗ ಆ ಚೀಲ ದಪ್ಪ ಆಗಿ, ಮಡಿಕಿ ಒಂದಕ್ಕೊಂದು ಅಂಟೇತಿ.” ಗುಳೇದಗುಡ್ಡ ಖಣದ ಕುಪ್ಪಸ ತೊಡುವವಳಿಗೆ ಇದಕ್ಕಿಂತ ಚೆನ್ನಾಗಿ ಹೇಳಲು ಸಾಧ್ಯವೇ?

ಕೆಲಸ ಪೂರ್ತಿ ಕೈಯಲ್ಲೇ. ಮೊದಲು ಹತ್ತು ನಿಮಿಷ ಬಿಸಿ ಶಾಖ. ಆಮೇಲೆ ಕಂಕುಳ ಹಿಂದೆ, ರೆಕ್ಕೆ ಮೂಳೆಯ ಒಳಬದಿಗೆ ಬೆರಳ ತುದಿ ಇಟ್ಟು ಸುಮ್ನೆ ಒತ್ತಿ ಹಿಡಿಯುತ್ತಾರೆ. ಉಜ್ಜುವುದಿಲ್ಲ, ಎಳೆಯುವುದಿಲ್ಲ. “ಹತ್ತರಾಗ ಎಷ್ಟು ನೋವು?” ಎಂದು ಕೇಳುತ್ತಾರೆ. ಏಳು ಎಂದರೆ ಒತ್ತು ಕಡಿಮೆ ಮಾಡುತ್ತಾರೆ. ಸ್ವಲ್ಪ ಹೊತ್ತಿಗೆ ಅಲ್ಲಿ ಗಂಟು ಕಟ್ಟಿದಂತಿರುವ ಮಾಂಸಖಂಡ ತಾನೇ ಸಡಿಲವಾಗುತ್ತದೆ. ನಾದಿದ ಜೋಳದ ಹಿಟ್ಟು ಕೈಗೆ ಮೆತ್ತಗೆ ಬಂದ ಹಾಗೆ. ಆಮೇಲೆ ತೋಳಿನ ಮೂಳೆಯನ್ನು ಕೆಳಕ್ಕೆ ಸಣ್ಣಗೆ, ಮತ್ತೆ ಮತ್ತೆ ಜಾರಿಸುತ್ತಾರೆ. ಅಂಟಿದ್ದನ್ನು ಒಂದೇ ಏಟಿಗೆ ಬಿಡಿಸುತ್ತೇನೆ ಎಂದು ಅವರು ಯಾವತ್ತೂ ಹೇಳಲಿಲ್ಲ. ತಿಂಗಳುಗಟ್ಟಲೆ ಬೇಕು, ಮನೆಯಲ್ಲಿ ಮಾಡದಿದ್ದರೆ ನನ್ನ ಕೈಯಿಂದೇನೂ ಆಗಲ್ಲ ಎಂದೇ ಹೇಳಿದರು. ನನಗೆ ನಂಬಿಕೆ ಬಂದದ್ದು ಆ ಮಾತಿಗೆ.

ಅದಕ್ಕೆ ಅಡುಗೆಮನೆ ಗೋಡೆ ಮೇಲೆ ಬೆರಳು ನಡೆಸುತ್ತಾ ಏರಿಸುತ್ತೇನೆ, ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ. ವಾರಕ್ಕೊಮ್ಮೆ ಪೆನ್ಸಿಲ್ ಗೆರೆ ಎಳೆಯುತ್ತೇನೆ. ಕೆಳಗಿನ ಗೆರೆ ಸ್ವಿಚ್ಚಿನ ಪಕ್ಕ, ಈಗಿನದು ಕ್ಯಾಲೆಂಡರಿನ ಮೇಲೆ.

ಹತ್ತು ವಾರಕ್ಕೆ ಅಳತೆ 150 ಆಯಿತು. ಒಂದು ಸಲಕ್ಕೆ 400 ರೂಪಾಯಿ ತೆಗೆದುಕೊಳ್ಳುತ್ತಾರೆ. ಮೊದಲು ವಾರಕ್ಕೆ ಮೂರು ಸಲ ಹೋದೆ, ಈಗ ಒಂದೇ ಸಲ. ನಮ್ಮಂಥವರಿಗೆ ಇದು ಸಣ್ಣ ದುಡ್ಡಲ್ಲ, ಆದರೂ ಕೊಡುವಾಗ ಬೇಜಾರಾಗಲಿಲ್ಲ. ಕ್ಲಿನಿಕ್ ಇರುವುದು ಮೊದಲ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಮೊಣಕಾಲು ನೋವಿನವರು ಮೆಟ್ಟಿಲು ಹತ್ತುವುದನ್ನು ನೋಡಿದರೆ ಕರುಳು ಚುರುಕ್ ಎನ್ನುತ್ತದೆ. ಅದೊಂದನ್ನು ಅವರು ಸರಿ ಮಾಡಲೇಬೇಕು. ಸಂಜೆ ಆರರ ಮೇಲೆ ಜನ ಜಾಸ್ತಿ, ಬೆಳಿಗ್ಗೆ ಹೋಗಿ.

ಬೆನ್ನ ಹಿಂದಕ್ಕೆ ಕೈ ಇನ್ನೂ ಪೂರ್ತಿ ಹೋಗುವುದಿಲ್ಲ. ರೊಟ್ಟಿ ಮಾತ್ರ ಈಗ ದಿನಕ್ಕೆ 80 ಬಡಿಯುತ್ತಿದ್ದೇನೆ. ತಲೆ ನಾನೇ ಬಾಚಿಕೊಳ್ಳುತ್ತೇನೆ.