ಕಾಟ್ಲಾ ನೆಣದ ಎಣ್ಣೆ: ಎರಡು ವರ್ಷ ಬಳಸಿದ ಮೇಲೆ

ಹೊಸಪೇಟೆಯ ನಮ್ಮ ಮನೆಗೆ ಹೆಚ್ಚಾಗಿ ಬರೋದು ಡ್ಯಾಮಿನ ಮೀನೇ. ದೊಡ್ಡ ಕಾಟ್ಲಾ ಕೊಯ್ಯುವಾಗ ಕರುಳಿಗೆ ಅಂಟಿದ ಬಿಳಿ ನೆಣವನ್ನು ಮೀನಿನಂಗಡಿ ಅಕ್ಕ ಬಕೆಟ್ಟಿಗೆ ಎಸೆಯುತ್ತಿದ್ದರು. "ಅದನ್ನೂ ಕೊಡಿ ಅಕ್ಕಾ" ಅಂದೆ. "ಇದನ್ನೇನ್ ಮಾಡ್ತಿ ತಮ್ಮಾ?" ಅಂತ ಕೇಳಿದರು. ದುಡ್ಡು ಮಾತ್ರ ತಗೊಳ್ಳಲಿಲ್ಲ.

ಎಣ್ಣೆ ತೆಗೆಯೋದು ಕಷ್ಟ ಅಲ್ಲ. ನೆಣ ಚೆನ್ನಾಗಿ ತೊಳೆದು, ಸಣ್ಣಗೆ ಹೆಚ್ಚಿ, ಮುಳುಗುವಷ್ಟು ನೀರು ಹಾಕಿ ಸಣ್ಣ ಉರಿಯಲ್ಲಿ ಇಡುತ್ತೇನೆ. ಮೊದಲು ನೀರು ಬೆಳ್ಳಗೆ ಕದಡುತ್ತದೆ. ಆಮೇಲೆ ಅಲ್ಲೊಂದು ಇಲ್ಲೊಂದು ಹಳದಿ ಕಣ್ಣು ಮೂಡುತ್ತದೆ. ಅವು ಒಂದಕ್ಕೊಂದು ಕೂಡಿ ಪದರ ಕಟ್ಟುವುದನ್ನು ನೋಡುತ್ತಾ ಒಲೆ ಮುಂದೆ ನಿಲ್ಲುವುದೇ ನನಗೆ ಭಾನುವಾರದ ಖುಷಿ. ಅದನ್ನು ಚಮಚದಲ್ಲಿ ಎತ್ತಿ, ಬಟ್ಟೆಯಲ್ಲಿ ಸೋಸಿ, ಮತ್ತೆ ಸ್ವಲ್ಪ ಬಿಸಿ ಮಾಡಬೇಕು. ಚಟಪಟ ಸದ್ದು ನಿಂತರೆ ನೀರಿನ ಪಸೆ ಹೋಯಿತು ಅಂತ ಅರ್ಥ.

ಒಂದು ಎಚ್ಚರಿಕೆ. ಹಸಿರು ಪಿತ್ತಕೋಶವನ್ನು ಒಡೆಯದಂತೆ ಮೊದಲೇ ತೆಗೆಯಿರಿ. ಕಾಟ್ಲಾ, ರೋಹು ಮೀನಿನ ಪಿತ್ತ ಬರೀ ಕಹಿ ಅಲ್ಲ, ವಿಷ. ಔಷಧಿ ಅಂತ ಅದನ್ನು ನುಂಗಿ ಕಿಡ್ನಿ ಕೆಡಿಸಿಕೊಂಡವರಿದ್ದಾರೆ. ಒಮ್ಮೆ ನನ್ನ ಕೈಯಲ್ಲೇ ಒಡೆಯಿತು. ಅಷ್ಟೂ ನೆಣ ಚೆಲ್ಲಿಬಿಟ್ಟೆ.

ಈ ಎಣ್ಣೆಯ ದೊಡ್ಡ ದೋಷ ಕಮಟು. ಮೊದಲ ಸಲ ಕಿಟಕಿ ಪಕ್ಕ ಗಾಜಿನ ಬಾಟಲಿಯಲ್ಲಿ ಇಟ್ಟಿದ್ದೆ. ಎರಡೇ ವಾರಕ್ಕೆ ಮುಚ್ಚಳ ತೆಗೆದರೆ ಹಳೇ ಬಣ್ಣದ ಡಬ್ಬಿ ವಾಸನೆ. ಮೀನೆಣ್ಣೆಯಲ್ಲಿರುವ ಒಮೇಗಾ-3 ಕೊಬ್ಬಿಗೆ ಗಾಳಿ, ಬೆಳಕು, ಬಿಸಿ ಮೂರೂ ಆಗಲ್ಲ. ಈಗ ಚಿಕ್ಕ ಕಂದು ಬಾಟಲಿಗಳಿಗೆ ಕತ್ತಿನವರೆಗೆ ತುಂಬಿ ಫ್ರೀಜರಿನಲ್ಲಿ ಇಡುತ್ತೇನೆ. ಹೊರಗೆ ತೆಗೆದದ್ದನ್ನು ಆ ವಾರವೇ ಮುಗಿಸುತ್ತೇನೆ.

ಶುರು ಮಾಡಿದ್ದು ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು, ಇಳಿಸೋಕೆ. ಮೀನೆಣ್ಣೆ ಕ್ಯಾಪ್ಸೂಲಿಗೆ ತಿಂಗಳು ತಿಂಗಳು ದುಡ್ಡು ಸುರಿಯಲು ಆಗುತ್ತಿರಲಿಲ್ಲ. ಆರು ತಿಂಗಳು ದಿನಕ್ಕೊಂದು ಚಮಚ ಕುಡಿದೆ. ರಿಪೋರ್ಟು ಕದಲಲಿಲ್ಲ. ತುಂಬಾ ಬೇಜಾರಾಯಿತು. ಆಮೇಲೆ ಓದಿ ತಿಳಿದುಕೊಂಡೆ. ಟ್ರೈಗ್ಲಿಸರೈಡ್ ಇಳಿಸಲು ವೈದ್ಯರು ಕೊಡುವುದು ದಿನಕ್ಕೆ ಒಟ್ಟು 2ರಿಂದ 4 ಗ್ರಾಂ ಒಮೇಗಾ-3 ಕೊಬ್ಬು, ಅಂದರೆ ಇಪಿಎ, ಡಿಎಚ್‌ಎ. 1000 ಮಿಲಿಗ್ರಾಂನ ಮಾಮೂಲಿ ಕ್ಯಾಪ್ಸೂಲಿನಲ್ಲೇ ಅವೆರಡೂ ಸೇರಿ ಸುಮಾರು 300 ಮಿಲಿಗ್ರಾಂ. ಕೆರೆ, ಹೊಳೆ ಮೀನಿನ ಎಣ್ಣೆಯಲ್ಲಿ ಅವು ಸಮುದ್ರದ ಬೂತಾಯಿ ಮೀನಿನ ಎಣ್ಣೆಗಿಂತಲೂ ಕಡಿಮೆ. ಹಾಗಾಗಿ ಇದನ್ನು ಔಷಧಿ ಅಂತ ನಂಬಿ ಮಾತ್ರೆ ಬಿಡಬೇಡಿ.

ಚಮಚದಲ್ಲಿ ಕುಡಿಯೋದು ನಿಲ್ಲಿಸಿದೆ. ಎಣ್ಣೆ ತೆಗೆಯೋದು ನಿಲ್ಲಿಸಲಿಲ್ಲ. ಒಂದು ಸಂಜೆ ಅದರಲ್ಲೇ ಬೆಳ್ಳುಳ್ಳಿ ಜಜ್ಜಿ ಹಾಕಿ, ಕೆಂಪಗಾದ ಮೇಲೆ ಖಾರದಪುಡಿ ಉದುರಿಸಿ, ಬಿಸಿ ಜೋಳದ ರೊಟ್ಟಿಗೆ ಸವರಿದೆ. ಜ್ವರ ಬಿಟ್ಟ ಮೇಲೆ ಬಾಯಿರುಚಿ ಕೆಟ್ಟು ಊಟ ಬೇಡ ಅನ್ನುತ್ತಿದ್ದ ಅಪ್ಪ ಎರಡು ರೊಟ್ಟಿ ತಿಂದರು. ಆಮೇಲೆ ಇನ್ನೊಂದು ಕೇಳಿದರು.

ಮುಂಗಾರು ಹತ್ತಿರ ಬಂದರೆ ಹೆಣ್ಣು ಮೀನಿನ ಹೊಟ್ಟೆ ತುಂಬಾ ಮೊಟ್ಟೆ, ನೆಣ ಕಡಿಮೆ. ಫ್ರೀಜರಿನಲ್ಲಿ ಈಗ ಒಂದೇ ಬಾಟಲಿ ಉಳಿದಿದೆ. ಅಪ್ಪನಿಗೆ ಅಂತ ಎತ್ತಿಟ್ಟಿದ್ದೇನೆ.