ಅಗ್ಗದ ಪೊಸಿಷನಿಂಗ್ ಸ್ಪಂಜ್ ತಗೊಳ್ಳೋ ಮುಂಚೆ ಇದನ್ನು ಓದಿ

ನಾನು ಶಿವಮೊಗ್ಗ ಕಡೆಯ ಒಂದು ಸಣ್ಣ ಸೆಂಟರ್‌ನಲ್ಲಿ ಎಕ್ಸ್‌ರೇ ಟೆಕ್ನಿಷಿಯನ್. 11 ವರ್ಷದ ಸರ್ವಿಸ್. ಇಷ್ಟು ವರ್ಷ ಆದಮೇಲೂ ಮೋಸ ಹೋದೆ ಅಂತ ಬರೆಯೋಕೆ ನಾಚಿಕೆ ಆಗುತ್ತಿದೆ, ಆದರೂ ಬರೆಯುತ್ತೇನೆ.

ಎಕ್ಸ್‌ರೇ ತೆಗೆಯುವಾಗ ಮೈಯ ಭಾಗ ಸರಿಯಾದ ಭಂಗಿಯಲ್ಲಿ ನಿಲ್ಲಲಿ ಅಂತ ಕೆಳಗೆ ಇಡುವ ನಮ್ಮ ಹಳೆಯ ಸ್ಪಂಜ್‌ಗಳು ಹರಿದಿದ್ದವು. ಡೀಲರ್ ರೇಟ್ ಕೇಳಿ ಮಾಲೀಕರು ಬೇಡ ಅಂದರು. ಅದೇ ವಾರ ಟೆಕ್ನಿಷಿಯನ್‌ಗಳ ವಾಟ್ಸಾಪ್ ಗ್ರೂಪ್‌ನಲ್ಲಿ ಒಬ್ಬ ಫೋಟೋ ಹಾಕಿದ. ವೆಡ್ಜ್ (ಓರೆ ತುಂಡು), ಬ್ಲಾಕ್, ತಲೆಗೆ ಇಡುವ ರಿಂಗ್, ಎಲ್ಲ ಸೇರಿ ಆರು ಪೀಸ್‌ಗೆ 2,600 ರೂಪಾಯಿ. "ಫಿಲಂನಲ್ಲಿ ಕಾಣಲ್ಲ ತಾನೆ?" ಅಂತ ಎರಡು ಸಲ ಕೇಳಿದೆ. "ನೂರಕ್ಕೆ ನೂರು ಸರ್, ಎಂಆರ್‌ಐಗೂ ನಡೆಯುತ್ತೆ" ಅಂದ. ಪೂರ್ತಿ ದುಡ್ಡು ಮುಂಚೆಯೇ ಹಾಕಿದೆ.

ಮಾಲು ಬಂದ ಮೂರನೇ ದಿನ ಒಂಬತ್ತು ವರ್ಷದ ಹುಡುಗ ಬಂದ. ಬರಿಗಾಲಲ್ಲಿ ಏನೋ ತುಳಿದಿದ್ದ, ಪಾದ ಊದಿತ್ತು. ಪಾದದ ಕೆಳಗೆ ಹೊಸ ವೆಡ್ಜ್ ಇಟ್ಟು ಓರೆ ಮಾಡಿ ಒಂದು ಫಿಲಂ ತೆಗೆದೆ. ಬೆರಳಿನ ಬುಡದಲ್ಲಿ ಬೆಳ್ಳಗೆ ಸಣ್ಣ ಗೆರೆ! ಡಾಕ್ಟರ್ ನೋಡಿ "ಸೂಜಿ ಚೂರು ಇದೆ, ಕುಯ್ದು ತೆಗೀಬೇಕು" ಅಂದರು. ಹುಡುಗನ ಅಪ್ಪನ ಮುಖ ಬಿಳಿಚಿಕೊಂಡಿತು. ಆಮೇಲೆ ಡಾಕ್ಟರ್ ಲ್ಯಾಟರಲ್, ಅಂದರೆ ಪಕ್ಕದಿಂದ ತೆಗೆದ ಫಿಲಂ ನೋಡಿ ನನ್ನನ್ನೇ ಕರೆದರು. "ಏನ್ರಿ ಇದು, ಇದರಲ್ಲಿ ಇಲ್ವಲ್ಲ?" ಲ್ಯಾಟರಲ್‌ಗೆ ನಾನು ಸ್ಪಂಜ್ ಇಟ್ಟಿರಲಿಲ್ಲ. ಆಗ ಹೊಟ್ಟೆಯಲ್ಲಿ ಏನೋ ತಣ್ಣಗಾಯಿತು.

ಸ್ಪಂಜ್ ಒಂದನ್ನೇ ಇಟ್ಟು ಎಕ್ಸ್‌ಪೋಸ್ ಮಾಡಿದೆ. ಮೂರು ಸ್ಟೇಪಲ್ ಪಿನ್! ಜೊತೆಗೆ ಅಂಟಿನ ಗೆರೆಗಳು. ಕೊಯ್ದು ನೋಡಿದರೆ ಒಳಗೆಲ್ಲ ಹಳೆ ಫೋಮ್ ಚೂರು, ಸೋಫಾದವರು ಬಿಸಾಡುವಂಥದ್ದು, ಅಂಟು ಹಾಕಿ ಒತ್ತಿ ಮೇಲೆ ರೆಕ್ಸಿನ್ ಹೊದಿಸಿದ್ದಾರೆ. ಆ ಮಗುವಿಗೆ ಮತ್ತೆ ಫಿಲಂ ತೆಗೀಬೇಕಾಯಿತು, ಸುಮ್ನೆ ಇನ್ನೊಂದು ಡೋಸ್ ವಿಕಿರಣ. ಲ್ಯಾಟರಲ್ ಇಲ್ಲದಿದ್ದರೆ ಇಲ್ಲದ ಸೂಜಿಗೆ ಕಾಲು ಕುಯ್ಯುತ್ತಿದ್ದರು.

ಸ್ಪಂಜ್ ಮಾರಿದವನಿಗೆ ಫೋಟೋ ಕಳಿಸಿದೆ. ಮೊದಲ ಉತ್ತರ: "ನಿಮ್ಮ ಮೆಷಿನ್ ಚೆಕ್ ಮಾಡಿಸಿ ಸರ್." ಪಿನ್ ಕೈಯಲ್ಲಿ ಹಿಡಿದು ವಿಡಿಯೋ ಕಳಿಸಿದೆ. "ಕೊಯ್ದ ಪೀಸ್ ವಾಪಸ್ ತಗೊಳ್ಳಲ್ಲ." ಉಳಿದ ಐದು? "ಈ ರೇಟಿಗೆ ಇದೇ ಬರೋದು, ಬಿಲ್ ನೋಡಿ." ಬಿಲ್ ನೋಡಿದೆ. ಬರೀ 'ಫೋಮ್ ಐಟಂ' ಅಂತಿದೆ. ರೇಡಿಯೋಲೂಸೆಂಟ್ (ಎಕ್ಸ್‌ರೇಯಲ್ಲಿ ಕಾಣದ್ದು) ಅನ್ನುವ ಪದವೇ ಇಲ್ಲ. ಆಮೇಲೆ ಬ್ಲಾಕ್ ಮಾಡಿದ.

ಎಂಆರ್‌ಐಗೂ ನಡೆಯುತ್ತೆ ಅಂದಿದ್ದನಲ್ಲ, ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತೆ. ಎಂಆರ್‌ಐ ಮೆಷಿನ್‌ನ ಕಾಂತದ ಶಕ್ತಿ 1.5 ಟೆಸ್ಲಾ ಇದ್ದರೆ ಅದು ಭೂಮಿಯ ಕಾಂತಕ್ಕಿಂತ ಸುಮಾರು 30,000 ಪಟ್ಟು ಜಾಸ್ತಿ. ಅಲ್ಲಿ ಆ ಪಿನ್ ಸುಮ್ನೆ ಕೂರುತ್ತಾ? 2018ರಲ್ಲಿ ಮುಂಬೈಯಲ್ಲಿ ಎಂಆರ್‌ಐ ರೂಮಿಗೆ ಆಕ್ಸಿಜನ್ ಸಿಲಿಂಡರ್ ಒಯ್ದು ಒಬ್ಬ ಯುವಕ ಸತ್ತಿದ್ದು ನಮ್ಮ ಕೆಲಸದವರಿಗೆಲ್ಲ ಗೊತ್ತು.

ಸ್ಪಂಜ್ ಬಂದ ದಿನವೇ ಒಂದೊಂದನ್ನೂ ಬರೀ ಪ್ಲೇಟ್ ಮೇಲಿಟ್ಟು 50 ಕೆವಿ (ಕಿಲೋವೋಲ್ಟ್) ಆಸುಪಾಸಿನಲ್ಲಿ ಒಂದು ಎಕ್ಸ್‌ಪೋಷರ್ ಕೊಟ್ಟು ನೋಡಿ. ನಾನು ಮಾಡಲಿಲ್ಲ, ಎರಡು ನಿಮಿಷದ ಕೆಲಸ ಅದು. ಬಿಲ್‌ನಲ್ಲಿ ರೇಡಿಯೋಲೂಸೆಂಟ್ ಅಂತ ಬರೆಸದೆ ದುಡ್ಡು ಕೊಡಬೇಡಿ, ಮಾಲೀಕರು ಎಷ್ಟೇ ಅವಸರ ಮಾಡಲಿ.

ನಿನ್ನೆ ಇನ್ನೊಂದು ಗ್ರೂಪ್‌ನಲ್ಲಿ ಅದೇ ಫೋಟೋ ನೋಡಿದೆ, ಹೊಸ ನಂಬರ್, 2,400 ರೂಪಾಯಿ. ಅದರ ಕೆಳಗೆ ಆಗಲೇ ಇಬ್ಬರು "ನನಗೊಂದು ಸೆಟ್" ಅಂತ ಹಾಕಿದ್ದರು.