ಕರಿಯರ್ಸ್ ಪುಟ ಮಾಡಿಸುವವರೇ, ಏಜೆನ್ಸಿಗೆ ಕೊನೇ ಕಂತು ಕೊಡುವ ಮುಂಚೆ ಇದನ್ನು ಓದಿ

ಕೆಲಸಕ್ಕೆ ಒಳ್ಳೆಯ ಅಭ್ಯರ್ಥಿಗಳು ನೇರವಾಗಿ ನಮ್ಮಲ್ಲಿಗೇ ಬರಲಿ ಅಂತ ಕಂಪನಿ ವೆಬ್‌ಸೈಟ್‌ನಲ್ಲಿ ಹೊಸ ಕರಿಯರ್ಸ್ ಪುಟ ಮಾಡಿಸಿ ನಾವು ಪಟ್ಟ ಪಾಡನ್ನು ಬರೆಯುತ್ತಿದ್ದೇನೆ. ನಾನು ನೇಮಕಾತಿ ವಿಭಾಗದಲ್ಲಿ ಕೆಲಸ ಮಾಡುವವಳು. ಏಜೆನ್ಸಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಅವರೊಬ್ಬರನ್ನು ಬಿಟ್ಟು, ಅದೇ ಥರ ಕೆಲಸ ಮಾಡುವ ಇನ್ನೊಬ್ಬರ ಹತ್ತಿರ ನೀವು ಹೋಗಬಹುದು. ಕೆಲಸ ಎಲ್ಲೆಲ್ಲಿ ಕೆಡುತ್ತದೆ ಅನ್ನುವುದು ಗೊತ್ತಿದ್ದರೆ ಯಾರ ಹತ್ತಿರ ಹೋದರೂ ಬಚಾವಾಗುತ್ತೀರಿ.

ಪುಟ ನೋಡೋದಕ್ಕೆ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ನಗುಮುಖದ ಫೋಟೋಗಳು, ತಾನೇ ಓಡುವ ವಿಡಿಯೋ, ದೊಡ್ಡ ಅಕ್ಷರದಲ್ಲಿ ‘ನಮ್ಮೊಂದಿಗೆ ಬೆಳೆಯಿರಿ’. ಡೆಮೊ ದಿನ ಮೀಟಿಂಗ್‌ನಲ್ಲಿದ್ದವರೆಲ್ಲ ಮೆಚ್ಚಿಕೊಂಡರು. ಜಾಬ್ ಪೋರ್ಟಲ್‌ಗಳಿಗೆ ಕಟ್ಟುವ ಹಣ ಉಳಿಯುತ್ತದೆ ಅನ್ನುವುದು ಮ್ಯಾನೇಜ್‌ಮೆಂಟ್ ಲೆಕ್ಕಾಚಾರ. ಅದು ಸರಿಯಾದ ಲೆಕ್ಕಾಚಾರವೇ. ಸ್ವಂತ ಸೈಟ್ ಮೂಲಕ ಬರುವವರು ಕಂಪನಿ ಏನು ಮಾಡುತ್ತದೆ ಅಂತ ಓದಿಕೊಂಡೇ ಬಂದಿರುತ್ತಾರೆ. ಅಂಥವರ ಜೊತೆ ಮೊದಲ ಮಾತುಕತೆಯೇ ಬೇರೆ ಮಟ್ಟದಲ್ಲಿ ನಡೆಯುತ್ತದೆ. ಈಗಲೂ ನನಗೆ ಸ್ವಂತ ಪುಟದ ಮೇಲೆ ನಂಬಿಕೆ ಇದೆ.

ಆದರೆ ಅರ್ಜಿಗಳು ಬರಲೇ ಇಲ್ಲ. ಬಂದರೂ ಎಲ್ಲೋ ಒಂದೊಂದು. ಏಜೆನ್ಸಿ ತಿಂಗಳಿಗೊಮ್ಮೆ ಕಳಿಸುವ ವರದಿಯಲ್ಲಿ ಮಾತ್ರ ಪುಟ ನೋಡಿದವರ ಸಂಖ್ಯೆ ಏರುತ್ತಲೇ ಇತ್ತು. ನೋಡಿದವರೆಲ್ಲ ಎಲ್ಲಿ ಹೋದರು ಅಂತ ಕೇಳಿದರೆ, “ಈಗ ಮಾರ್ಕೆಟ್ಟೇ ಹಾಗಿದೆ ಮೇಡಂ, ಜನ ಸಿಗ್ತಿಲ್ಲ. ಜಾಹೀರಾತಿಗೆ ಇನ್ನೂ ಸ್ವಲ್ಪ ಬಜೆಟ್ ಹಾಕಿ ನೋಡಿ” ಅಂದರು. ಬಜೆಟ್ಟೂ ಹೆಚ್ಚಾಯಿತು, ವರದಿಯ ಗ್ರಾಫೂ ಮೇಲೇರಿತು, ನಮ್ಮ ಇನ್‌ಬಾಕ್ಸ್ ಇದ್ದ ಹಾಗೇ ಇತ್ತು.

ನಿಜ ಸಂಗತಿ ಹೊರಬಿದ್ದದ್ದು ಬೇರೆ ದಾರಿಯಿಂದ. ಸಹೋದ್ಯೋಗಿಯೊಬ್ಬರು ಪರಿಚಯಿಸಿದ ಹುಡುಗಿಗೆ ಫೋನ್ ಮಾಡಿದ್ದೆ. “ಮೇಡಂ, ಇದೇ ಕೆಲಸಕ್ಕೆ ನಿಮ್ಮ ಸೈಟ್‌ನಲ್ಲಿ ಯಾವಾಗಲೋ ಅಪ್ಲೈ ಮಾಡಿದ್ದೆ. ಉತ್ತರ ಬರಲಿಲ್ಲ, ರಿಜೆಕ್ಟ್ ಆಗಿದೆ ಅಂದ್ಕೊಂಡೆ” ಅಂದಳು. ಸ್ಕ್ರೀನ್‌ಶಾಟ್ ಕೂಡ ಇಟ್ಟುಕೊಂಡಿದ್ದಳು: ‘ಧನ್ಯವಾದಗಳು, ನಿಮ್ಮ ಅರ್ಜಿ ನಮಗೆ ತಲುಪಿದೆ.’ ನಮಗೆ ಏನೂ ತಲುಪಿರಲಿಲ್ಲ. ಆಕೆ ನಮಗೆ ಬೇಕಾದ ಅನುಭವ ಪೂರ್ತಿ ಇದ್ದವಳು. ಅಷ್ಟು ಹೊತ್ತಿಗೆ ಬೇರೆ ಕಡೆ ಆಫರ್ ಒಪ್ಪಿಕೊಂಡಿದ್ದಳು.

ನಮ್ಮ ಐಟಿಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಫಾರ್ಮ್ ಬಿಚ್ಚಿ ನೋಡಿದೆವು. ಅರ್ಜಿಗಳನ್ನು ಡೇಟಾಬೇಸ್‌ನಲ್ಲಿ ಉಳಿಸುವ ವ್ಯವಸ್ಥೆಯೇ ಇರಲಿಲ್ಲ. ‘ಸಲ್ಲಿಸಿ’ ಬಟನ್ ಒತ್ತಿದರೆ ಏಜೆನ್ಸಿಯ ಸರ್ವರ್‌ನಿಂದ ನಮಗೊಂದು ಇಮೇಲ್ ಹೊರಡುತ್ತಿತ್ತು, ಅಷ್ಟೇ. ಅದೂ ಕಳಿಸಿದವರ ಜಾಗದಲ್ಲಿ ಅಭ್ಯರ್ಥಿಯ ವಿಳಾಸ ಹಾಕಿಕೊಂಡು. ಅಂದರೆ ಅಭ್ಯರ್ಥಿಯೇ ತನ್ನ ಯಾಹೂ ವಿಳಾಸದಿಂದ ಬರೆದ ಹಾಗೆ ಕಾಣುವ, ಆದರೆ ಯಾಹೂಗೆ ಸಂಬಂಧವೇ ಇಲ್ಲದ ಸರ್ವರ್‌ನಿಂದ ಬರುವ ಮೇಲ್. ಮೋಸಗಾರರು ಕಳಿಸುವ ಮೇಲ್ ಕೂಡ ಹೀಗೇ ಇರುತ್ತದೆ. ಇಂಥದ್ದನ್ನು ತಡೆಯಲೆಂದೇ ಡಿಮಾರ್ಕ್ ಎಂಬ ವ್ಯವಸ್ಥೆ ಇದೆ. ತನ್ನ ಹೆಸರಿನಲ್ಲಿ ಬೇರೆ ಕಡೆಯಿಂದ ಬರುವ ಮೇಲ್‌ಗಳನ್ನು ತಿರಸ್ಕರಿಸಿ ಅಂತ ಯಾಹೂ 2014ರಲ್ಲೇ ಲೋಕಕ್ಕೆಲ್ಲ ಹೇಳಿಬಿಟ್ಟಿದೆ. ನಮ್ಮ ಮೇಲ್ ಸರ್ವರ್ ಅದರಂತೆಯೇ ನಡೆದುಕೊಂಡಿತ್ತು. ಆ ಅರ್ಜಿಗಳು ಬಾಗಿಲಲ್ಲೇ ವಾಪಸ್. ಜಿಮೇಲ್ ವಿಳಾಸದವರ ಅರ್ಜಿಗಳಲ್ಲಿ ಹೆಚ್ಚಿನವು ಸ್ಪ್ಯಾಮ್‌ಗೆ. ವಾಪಸಾದ ಮೇಲ್‌ಗಳು ಹೋಗಿ ಬೀಳುತ್ತಿದ್ದದ್ದು ಏಜೆನ್ಸಿಯ ಸರ್ವರ್‌ನ ಒಂದು ಮೇಲ್‌ಬಾಕ್ಸ್‌ಗೆ. ಅದನ್ನು ಯಾರೂ ತೆರೆದ ಗುರುತೇ ಇರಲಿಲ್ಲ. ಇನ್ನು ಆ ‘ಧನ್ಯವಾದಗಳು’ ಸಂದೇಶ, ಮೇಲ್ ಹೋಗಲಿ ಬಿಡಲಿ, ಬಟನ್ ಒತ್ತಿದವರಿಗೆಲ್ಲ ಕಾಣಿಸುವ ಹಾಗೆ ಬರೆದದ್ದು.

ಈ ಥರದ ನಷ್ಟದಲ್ಲಿ ನನಗೆ ತುಂಬಾ ಸಂಕಟವಾಗುವ ಸಂಗತಿ ಒಂದಿದೆ. ಸಾಮಾನು ಮಾರುವ ಸೈಟ್‌ನಲ್ಲಿ ಆರ್ಡರ್ ಕಳೆದುಹೋದರೆ ಗ್ರಾಹಕ ಫೋನ್ ಮಾಡಿ ಜಗಳ ಆಡುತ್ತಾನೆ. ಕೆಲಸ ಕೇಳಿಕೊಂಡು ಬಂದವರು ಜಗಳ ಆಡುವುದಿಲ್ಲ. ತಮ್ಮಲ್ಲೇ ಏನೋ ಕಡಿಮೆ ಇದೆ ಅಂದುಕೊಂಡು ಸುಮ್ಮನಾಗುತ್ತಾರೆ. ಅದಕ್ಕೇ ಈ ತೊಂದರೆ ಇಷ್ಟು ಕಾಲ ಯಾರ ಕಣ್ಣಿಗೂ ಬೀಳಲಿಲ್ಲ.

ಹಾಗಾದರೆ ಅವರು ಅಪ್‌ಲೋಡ್ ಮಾಡಿದ ರೆಸ್ಯೂಮೆಗಳು ಎಲ್ಲಿ? ಅವು ಸರ್ವರ್‌ನ ಒಂದು ಫೋಲ್ಡರ್‌ನಲ್ಲಿ ಭದ್ರವಾಗಿದ್ದವು ಅಂತ ಏಜೆನ್ಸಿಯವರು ಸಮಾಧಾನ ಹೇಳಿದರು. ಆ ಫೋಲ್ಡರ್ ವಿಳಾಸವನ್ನು ಬ್ರೌಸರ್‌ನಲ್ಲಿ ಹಾಕಿದೆ. ಲಾಗಿನ್ ಕೇಳಲಿಲ್ಲ, ಪಾಸ್‌ವರ್ಡ್ ಕೇಳಲಿಲ್ಲ. ಫೈಲ್‌ಗಳ ಉದ್ದ ಪಟ್ಟಿಯೇ ತೆರೆದುಕೊಂಡಿತು, ಒಂದೊಂದರ ಮೇಲೂ ಒಬ್ಬೊಬ್ಬರ ಹೆಸರು. ಒಂದನ್ನು ಒತ್ತಿದರೆ ಮನೆ ವಿಳಾಸ, ಫೋನ್ ನಂಬರ್, ಹುಟ್ಟಿದ ದಿನಾಂಕ, ಈಗಿನ ಸಂಬಳ, ಎಲ್ಲವೂ. ಒಂದು ಹೆಸರನ್ನು ಗೂಗಲ್‌ನಲ್ಲಿ ಹುಡುಕಿದೆವು. ನಮ್ಮ ಕಂಪನಿಯ ವಿಳಾಸದಲ್ಲೇ ಅವರ ರೆಸ್ಯೂಮೆ ಫಲಿತಾಂಶದಲ್ಲಿ ಬಂತು. ಇರುವ ಕೆಲಸ ಬಿಡದೆ, ಗುಟ್ಟಾಗಿ ಬೇರೆ ಕೆಲಸ ಹುಡುಕುವವರೇ ಹೆಚ್ಚು. ಅಂಥವರ ಬಾಸ್ ಒಂದು ಸಲ ಅವರ ಹೆಸರು ಹುಡುಕಿದ್ದರೆ ಸಾಕಿತ್ತು.

ತಕ್ಷಣ ಮುಚ್ಚಿಸಿ ಅಂದಾಗ ಏಜೆನ್ಸಿ ಮಾಡಿದ್ದು ಇನ್ನೂ ಕೆಟ್ಟ ಕೆಲಸ. ರೋಬೋಟ್ಸ್ ಫೈಲ್‌ನಲ್ಲಿ ಆ ಫೋಲ್ಡರ್ ಹೆಸರು ಬರೆದು “ಬ್ಲಾಕ್ ಮಾಡಿದ್ದೇವೆ” ಅಂದರು. ಆ ಫೈಲ್ ಇರುವುದು ಸರ್ಚ್ ಎಂಜಿನ್‌ಗಳಿಗೆ ‘ಈ ಕಡೆ ಬರಬೇಡಿ’ ಅಂತ ವಿನಂತಿ ಮಾಡಲಿಕ್ಕೆ. ಅದು ಬೀಗ ಹಾಕುವುದಿಲ್ಲ, ಈಗಾಗಲೇ ಫಲಿತಾಂಶದಲ್ಲಿ ಸೇರಿರುವುದನ್ನು ತೆಗೆಸುವುದೂ ಇಲ್ಲ. ಮೇಲಾಗಿ ಯಾರು ಬೇಕಾದರೂ ಅದನ್ನು ತೆರೆದು ಓದಬಹುದು. ಕದಿಯುವವರಿಗೆ ದಾರಿ ತೋರಿಸಿದ ಹಾಗಾಯಿತು. ಮಾಡಬೇಕಿದ್ದದ್ದು ಫೈಲ್‌ಗಳನ್ನು ಆ ಜಾಗದಿಂದಲೇ ತೆಗೆದು, ಲಾಗಿನ್ ಇಲ್ಲದೆ ಯಾರಿಗೂ ಸಿಗದ ಕಡೆ ಇಡುವುದು. ಆಮೇಲೆ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ (ತಮ್ಮ ಸೈಟ್ ಗೂಗಲ್‌ನಲ್ಲಿ ಹೇಗೆ ಕಾಣುತ್ತದೆ ಅಂತ ನೋಡಿಕೊಳ್ಳಲು ಮಾಲೀಕರಿಗೆ ಗೂಗಲ್ ಕೊಡುವ ಸಾಧನ) ತೆಗೆಯುವ ಕೋರಿಕೆ ಹಾಕುವುದು. ಈ ಕೋರಿಕೆ ಪುಟವನ್ನು ಸುಮಾರು 6 ತಿಂಗಳು ಮಾತ್ರ ಮರೆಮಾಡುತ್ತದೆ, ಮೂಲ ಫೈಲ್ ಅಲ್ಲೇ ಉಳಿದರೆ ಮತ್ತೆ ಮೇಲೆ ಬರಬಹುದು.

ಈ ಕೋರಿಕೆಯನ್ನು ನಾವೇ ಹಾಕೋಣ ಅಂದರೆ ಸರ್ಚ್ ಕನ್ಸೋಲ್ ಖಾತೆ ಏಜೆನ್ಸಿಯದು. ಹೊಸ ಖಾತೆ ತೆರೆದು ಸೈಟ್ ನಮ್ಮದೇ ಅಂತ ದೃಢಪಡಿಸಲು ಡಿಎನ್‌ಎಸ್‌ನಲ್ಲಿ (ಸೈಟ್‌ನ ಹೆಸರು ಯಾವ ಸರ್ವರ್‌ಗೆ ಹೋಗಬೇಕು ಅಂತ ಹೇಳುವ ದಾಖಲೆ) ಒಂದು ಸಾಲನ್ನೋ, ಸೈಟ್‌ನಲ್ಲೇ ಒಂದು ಫೈಲನ್ನೋ ಸೇರಿಸಬೇಕು, ಅವೆರಡೂ ಅವರ ಕೈಯಲ್ಲೇ. ನಮ್ಮ ಹೆಸರಿನ ಸೈಟ್‌ನಲ್ಲಿ ಜನರ ಖಾಸಗಿ ವಿವರ ಬೀದಿಗೆ ಬಿದ್ದಿರುವಾಗ ನಾವು ಟಿಕೆಟ್ ಹಾಕಿ ಅವರ ಉತ್ತರಕ್ಕೆ ಕಾಯಬೇಕಾಯಿತು. ಇದನ್ನು ಮಾತ್ರ ದಯವಿಟ್ಟು ಯಾರೂ ಒಪ್ಪಿಕೊಳ್ಳಬೇಡಿ. ಡೊಮೇನ್, ಡಿಎನ್‌ಎಸ್, ಸರ್ಚ್ ಕನ್ಸೋಲ್, ಅನಲಿಟಿಕ್ಸ್, ಇವೆಲ್ಲ ಮೊದಲ ದಿನದಿಂದಲೇ ಕಂಪನಿಯ ಹೆಸರಿನಲ್ಲಿ ಇರಲಿ. ಏಜೆನ್ಸಿಗೆ ಬೇಕಾದಷ್ಟು ಅನುಮತಿ ಕೊಡಿ, ಮಾಲೀಕತ್ವ ಕೊಡಬೇಡಿ.

ಬಿಲ್‌ನಲ್ಲಿ ‘ಗೂಗಲ್ ಜಾಬ್ಸ್ ಜೋಡಣೆ’ ಅಂತ ಒಂದು ಸಾಲಿತ್ತು, ಹಣವೂ ಸಂದಾಯವಾಗಿತ್ತು. ಗೂಗಲ್‌ನ ಉದ್ಯೋಗ ಹುಡುಕಾಟದಲ್ಲಿ ಕಾಣಿಸಬೇಕಾದರೆ ಪ್ರತಿಯೊಂದು ಕೆಲಸಕ್ಕೂ ಅದರದೇ ಪುಟ, ಅದರದೇ ವಿಳಾಸ ಇರಬೇಕು. ಆ ಪುಟದಲ್ಲಿ ಜಾಬ್‌ಪೋಸ್ಟಿಂಗ್ ಮಾರ್ಕಪ್, ಅಂದರೆ ಗೂಗಲ್ ಓದಿಕೊಳ್ಳಲೆಂದು ಪುಟದ ಕೋಡ್‌ನಲ್ಲಿ ಬರೆಯುವ ವಿವರ, ಇರಬೇಕು: ಹುದ್ದೆಯ ಹೆಸರು, ವಿವರ, ಪ್ರಕಟವಾದ ದಿನಾಂಕ, ಕಂಪನಿ, ಸ್ಥಳ. ನಮ್ಮ ಸೈಟ್‌ನಲ್ಲಿ ಎಲ್ಲ ಕೆಲಸಗಳೂ ಒಂದೇ ಪುಟದಲ್ಲಿ, ಒತ್ತಿದರೆ ಪಾಪ್‌ಅಪ್ ಆಗಿ ತೆರೆಯುತ್ತಿದ್ದವು. ಮಾರ್ಕಪ್ ಇರಲೇ ಇಲ್ಲ. ಗೂಗಲ್‌ನ ರಿಚ್ ರಿಸಲ್ಟ್ಸ್ ಟೆಸ್ಟ್‌ನಲ್ಲಿ ಪುಟದ ವಿಳಾಸ ಹಾಕಿದರೆ ಇದು ಕ್ಷಣದಲ್ಲಿ ತಿಳಿಯುತ್ತದೆ, ಅದಕ್ಕೆ ದುಡ್ಡೂ ಬೇಡ, ತಾಂತ್ರಿಕ ಜ್ಞಾನವೂ ಬೇಡ.

ಭರ್ತಿಯಾದ ಹುದ್ದೆಗಳನ್ನು ತೆಗೆಯಿರಿ ಅಂದರೆ, “ಇರಲಿ ಬಿಡಿ ಮೇಡಂ, ಕಂಪನಿ ಬೆಳೀತಿದೆ ಅನ್ನಿಸುತ್ತೆ” ಅನ್ನುವ ಸಲಹೆ ಕೊಟ್ಟವರೂ ಇವರೇ. ಇಲ್ಲದ ಕೆಲಸಕ್ಕೆ ಒಬ್ಬರು ರಾತ್ರಿ ಕೂತು ಕವರ್ ಲೆಟರ್ ಬರೆಯುತ್ತಾರೆ ಅನ್ನುವುದು ಇವರಿಗೆ ಹೊಳೆಯುವುದೇ ಇಲ್ಲವೇ? ಮುಗಿದ ಹುದ್ದೆಗಳನ್ನು ಹಾಗೇ ಬಿಡುವುದು ಗೂಗಲ್ ನಿಯಮಕ್ಕೂ ವಿರುದ್ಧ, ಅದಕ್ಕಾಗಿ ಸೈಟ್ ಮೇಲೆ ಕ್ರಮವೂ ಆಗಬಹುದು.

ನೀವು ಹೊಸದಾಗಿ ಪುಟ ಮಾಡಿಸುತ್ತಿದ್ದರೆ, ಡೆಮೊ ನೋಡಿ ಸಹಿ ಹಾಕಬೇಡಿ. ಕೊನೇ ಕಂತಿಗೆ ಮುಂಚೆ ನಿಮ್ಮದೇ ಕೆಲಸಕ್ಕೆ ನೀವೇ ಅರ್ಜಿ ಹಾಕಿ, ಆಫೀಸ್ ಕಂಪ್ಯೂಟರ್‌ನಿಂದ ಅಲ್ಲ, ಫೋನ್‌ನಿಂದ, ಮೊಬೈಲ್ ಡೇಟಾದಲ್ಲಿ. ಜಿಮೇಲ್, ಯಾಹೂ, ಔಟ್‌ಲುಕ್ ವಿಳಾಸಗಳಿಂದ ಒಂದೊಂದು ಸಲ. ಪಿಡಿಎಫ್ ಹಾಕಿ ನೋಡಿ, ವರ್ಡ್ ಫೈಲ್ ಹಾಕಿ ನೋಡಿ. ಅರ್ಜಿ ಯಾವ ಸ್ಕ್ರೀನ್‌ನಲ್ಲಿ ಬಂದು ಕೂತಿದೆ ಅಂತ ತೋರಿಸಲು ಹೇಳಿ. ‘ಇಮೇಲ್ ಬರುತ್ತದೆ’ ಅನ್ನುವ ಉತ್ತರ ಸಾಲದು. ಮಾಸಿಕ ವರದಿಯಲ್ಲಿ ಎಷ್ಟು ಜನ ಫಾರ್ಮ್ ಶುರು ಮಾಡಿದರು, ಎಷ್ಟು ಜನ ಮುಗಿಸಿದರು, ಎಷ್ಟು ಅರ್ಜಿ ನಿಮ್ಮ ಕೈ ಸೇರಿತು ಅನ್ನುವ 3 ಸಂಖ್ಯೆಗಳು ಪಕ್ಕಪಕ್ಕದಲ್ಲೇ ಇರಲಿ.

ಈಗಾಗಲೇ ಪುಟ ನಡೆಯುತ್ತಿದ್ದರೆ, ನೀವು ಅಪ್‌ಲೋಡ್ ಮಾಡಿದ ಪರೀಕ್ಷಾ ಫೈಲ್‌ನ ವಿಳಾಸ ಕೇಳಿ ಪಡೆದು, ಎಲ್ಲೂ ಲಾಗಿನ್ ಆಗದ ಖಾಸಗಿ ವಿಂಡೋದಲ್ಲಿ ತೆರೆಯಿರಿ. ತೆರೆದುಕೊಂಡರೆ ಇವತ್ತೇ ಮುಚ್ಚಿಸಿ, ಸರ್ವರ್‌ನ ಲಾಗ್‌ಗಳನ್ನು (ಯಾವ ಫೈಲ್ ಯಾವಾಗ ತೆರೆಯಲಾಯಿತು ಅನ್ನುವ ದಾಖಲೆ) ಅಳಿಸದೆ ಇಟ್ಟುಕೊಳ್ಳಲು ಬರಹದಲ್ಲಿ ಹೇಳಿ. ಯಾರ್ಯಾರ ಫೈಲ್‌ಗಳು ಹೊರಗೆ ಹೋಗಿವೆ ಅಂತ ತಿಳಿಯಲು ಬೇರೆ ದಾರಿ ಇಲ್ಲ. ಆಮೇಲೆ ಆ ಅಭ್ಯರ್ಥಿಗಳಿಗೆ ತಿಳಿಸಿ. “ಯಾರೂ ಗಮನಿಸಿಲ್ಲ, ಸುಮ್ಮನಿದ್ದುಬಿಡಿ” ಅಂತ ಏಜೆನ್ಸಿಯವರು ನಮಗೆ ಹೇಳಿದರು. ನಾವು ಫೋಲ್ಡರ್‌ನಲ್ಲಿದ್ದ ಪ್ರತಿಯೊಬ್ಬರಿಗೂ ಬರೆದೆವು: ಏನಾಯಿತು, ಯಾವ ವಿವರ ಕಾಣುತ್ತಿತ್ತು, ಈಗ ಏನು ಮಾಡಿದ್ದೇವೆ. ಕೆಲವರು ಸಿಟ್ಟಿನಲ್ಲಿ ಉತ್ತರಿಸಿದರು, ಅವರ ಸಿಟ್ಟು ನ್ಯಾಯವಾದದ್ದು. ಇನ್ನು ಕೆಲವರು ಕೇಳಿದ್ದು, ಆ ಹುದ್ದೆ ಇನ್ನೂ ಖಾಲಿ ಇದೆಯಾ ಅಂತ. ಅವರಲ್ಲಿ ಇಬ್ಬರನ್ನು ಸಂದರ್ಶನಕ್ಕೆ ಕರೆದಿದ್ದೇವೆ.